ಆಕಾಶದ ಕಿರಣ, ಪಾತಾಳದ ಗಣಿ: ರಾಯಚೂರಿನಿಂದ ಕಂಡ ಹೋಮಿ ಭಾಭಾ

ಹೋಮಿ ಜಹಾಂಗೀರ್ ಭಾಭಾ ಅಂದ್ರೆ ನಮ್ಮಲ್ಲಿ ಬಹಳಷ್ಟು ಮಂದಿಗೆ ನೆನಪಾಗೋದು ಅಣುಬಾಂಬು, ಇಲ್ಲಾಂದ್ರೆ ಅವರ ಸಾವಿನ ಸುತ್ತ ವಾಟ್ಸಾಪ್‌ನಲ್ಲಿ ಓಡಾಡುವ ಪಿತೂರಿ ಕಥೆಗಳು. ದೇವದುರ್ಗದಲ್ಲಿ ಹುಟ್ಟಿ, ರಾಯಚೂರಲ್ಲಿ ಓದಿದ ನನಗೆ ಆ ಮನುಷ್ಯ ಮುಖ್ಯ ಅನಿಸೋದು ಬೇರೆ ಕಾರಣಕ್ಕೆ. ಅವರು ಬೆನ್ನು ಹತ್ತಿದ್ದು ವಿಶ್ವಕಿರಣಗಳನ್ನ. ಆ ದಾರಿಯಲ್ಲಿ ಅವರಿಗೆ ಎದುರಾದ ಒಂದು ಪ್ರಶ್ನೆ ಇವತ್ತಿಗೂ ನಮ್ಮ ಜಿಲ್ಲೆಯದ್ದೇ ಪ್ರಶ್ನೆ: ದೊಡ್ಡ ಸಂಸ್ಥೆಗಳು ಎಲ್ಲಿ ಹುಟ್ಟಬೇಕು, ಅದನ್ನ ತೀರ್ಮಾನ ಮಾಡೋರು ಯಾರು?

ಮೊದಲು ಕಿರಣದ ವಿಷಯ ನೋಡೋಣ. 1912ರಲ್ಲಿ ಆಸ್ಟ್ರಿಯಾದ ವಿಕ್ಟರ್ ಹೆಸ್ ಬಲೂನಿನಲ್ಲಿ 5 ಕಿಲೋಮೀಟರ್‌ಗೂ ಮೇಲೆ ಏರಿದರು. ಮೇಲೆ ಹೋದಂತೆ ವಿಕಿರಣ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಅಂದರೆ ಅದು ನೆಲದಿಂದ ಬರ್ತಿಲ್ಲ, ಹೊರಗಿನಿಂದ ಬರ್ತಿದೆ. ಹೀಗೆ ಬರುವವು ಹೆಚ್ಚಾಗಿ ಪ್ರೋಟಾನುಗಳು. ಅವು ವಾತಾವರಣಕ್ಕೆ ಬಡಿದು ಕಣಗಳ ಮಳೆಯೇ ಸುರಿಯುತ್ತದೆ. ಮಾನ್ವಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಹೆಣ್ಮಗಳ ಅಂಗೈಯೊಳಗಿಂದ ನಿಮಿಷಕ್ಕೆ ಹತ್ತಾರು ಮ್ಯುಯಾನುಗಳು ಹಾದುಹೋಗ್ತಾವೆ. ಆಕೆಗೂ ಗೊತ್ತಾಗಲ್ಲ, ನಮಗೂ ಗೊತ್ತಾಗಲ್ಲ.

ಭಾಭಾ ಹುಟ್ಟಿದ್ದು 1909ರಲ್ಲಿ, ಬೊಂಬಾಯಿಯ ಸಿರಿವಂತ ಪಾರ್ಸಿ ಮನೆಯಲ್ಲಿ. ಟಾಟಾಗಳ ಹತ್ತಿರದ ಬಂಧು. ಮಗ ಎಂಜಿನಿಯರಾಗಿ ಬಂದು ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಅನ್ನೋದು ಮನೆಯವರ ಲೆಕ್ಕ. ಕೇಂಬ್ರಿಜ್‌ಗೆ ಹೋದ ಹುಡುಗನ ಮನಸ್ಸು ಭೌತಶಾಸ್ತ್ರದ ಮೇಲೆ ಬಿತ್ತು. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ತಂದರೆ ಇಷ್ಟ ಬಂದದ್ದು ಓದು ಅಂತ ಅಪ್ಪ ಷರತ್ತು ಹಾಕಿದರು, ಮಗ ಅದನ್ನ ಗೆದ್ದರು. ಇಷ್ಟು ಚೌಕಾಸಿ ಮಾಡುವ ಅವಕಾಶ ಎಷ್ಟು ಮಕ್ಕಳಿಗೆ ಸಿಗುತ್ತೆ ಅನ್ನೋದನ್ನ ಮರೆತು ಪ್ರತಿಭೆಯ ಕಥೆ ಹೇಳೋದು ಅರ್ಧ ಸುಳ್ಳು. ಹಾಗಂತ ಪ್ರತಿಭೆ ಸುಳ್ಳಲ್ಲ. 1937ರಲ್ಲಿ ಹೈಟ್ಲರ್ ಜೊತೆ ಸೇರಿ, ಒಂದೇ ಎಲೆಕ್ಟ್ರಾನು ಗಾಳಿಯಲ್ಲಿ ಹೇಗೆ ಸಾವಿರಾರು ಕಣಗಳ ಮಳೆಯಾಗುತ್ತೆ ಎಂದು ಲೆಕ್ಕ ಹಾಕಿ ತೋರಿಸಿದರು.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಯುರೋಪಿನಲ್ಲಿ ಯುದ್ಧ ಶುರುವಾಯಿತು, ವಾಪಸ್ ಹೋಗೋದು ತಪ್ಪಿತು. ಆಗ ಸಿಕ್ಕಿದ್ದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ ಭೌತಶಾಸ್ತ್ರ ವಿಭಾಗ ಸಿ.ವಿ. ರಾಮನ್ ಕೈಯಲ್ಲಿತ್ತು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಲ್ಲಿ ಭಾಭಾ ವಿಶ್ವಕಿರಣ ಸಂಶೋಧನಾ ಘಟಕ ಕಟ್ಟಿದರು.

ನನಗೆ ಇಷ್ಟವಾಗೋದು ಇದರ ಮುಂದಿನ ಭಾಗ. ಬೆಂಗಳೂರು ಭೂಮಿಯ ಕಾಂತೀಯ ಸಮಭಾಜಕಕ್ಕೆ ತೀರಾ ಹತ್ತಿರ. ಇಲ್ಲಿ ಕಾಂತಕ್ಷೇತ್ರ ಒಂದು ಜರಡಿ ಇದ್ದಂಗೆ, ಶಕ್ತಿ ಕಡಿಮೆಯಿರುವ ಕಣಗಳನ್ನ ಹೊರಗೇ ತಡೆದು ಬಲವಾದವನ್ನ ಮಾತ್ರ ಒಳಗೆ ಬಿಡುತ್ತೆ. ಅಮೆರಿಕದ ನೊಬೆಲ್ ವಿಜ್ಞಾನಿ ಮಿಲಿಕನ್ ಆ ಹೊತ್ತಿನಲ್ಲಿ ಬಲೂನು ಹಾರಿಸೋಕೆ ಬೆಂಗಳೂರಿಗೆ ಬಂದದ್ದೂ ಇದಕ್ಕೇ. ಯುದ್ಧಕಾಲದಲ್ಲಿ ಇಲ್ಲಿದ್ದ ಅಮೆರಿಕನ್ ವಿಮಾನಗಳಲ್ಲಿ ಕೌಂಟರ್ ಇಟ್ಟು ಭಾಭಾ ತಂಡವೂ ಅಳತೆ ಮಾಡಿತು. ಕೇಂಬ್ರಿಜ್‌ನಲ್ಲಿ ಇಲ್ಲದ ಅನುಕೂಲ ಈ ನೆಲದಲ್ಲಿತ್ತು.

1944ರ ಮಾರ್ಚ್‌ನಲ್ಲಿ ಅವರು ಟಾಟಾ ಟ್ರಸ್ಟಿಗೆ ಪತ್ರ ಬರೆದು ಮೂಲವಿಜ್ಞಾನದ ಸಂಸ್ಥೆಯೊಂದನ್ನ ಕೇಳಿದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಶುರುವಾಗಿ, ಅದೇ ವರ್ಷದ ಕೊನೆಗೆ ಬೊಂಬಾಯಿಗೆ ಹೋಯಿತು. ಅಲ್ಲಿ ಪ್ರಾಂತೀಯ ಸರ್ಕಾರದ ದುಡ್ಡೂ ಸೇರಿತು. ಸಂಸ್ಥೆಗಳು ತಾವಾಗೇ ಒಂದೂರಲ್ಲಿ ಮೊಳೆಯಲ್ಲ. ಬೆಂಗಳೂರಿಗೆ ವಿಜ್ಞಾನ ಸಂಸ್ಥೆ ಬಂದದ್ದೂ ಮೈಸೂರು ಸಂಸ್ಥಾನ ಜಾಗ ಕೊಟ್ಟಿದ್ದಕ್ಕೆ. ನಂಜುಂಡಪ್ಪ ವರದಿ ದೇವದುರ್ಗವನ್ನ ಅತಿ ಹಿಂದುಳಿದ ತಾಲ್ಲೂಕು ಎಂದಿತು, ರಾಯಚೂರಿಗೆ ಐಐಟಿ ಕೊಡಿ ಅಂತಲೂ ಹೇಳಿತು. ಐಐಟಿ ಧಾರವಾಡಕ್ಕೆ ಹೋಯಿತು. ಏಮ್ಸ್‌ಗಾಗಿ ರಾಯಚೂರಿನ ಜನ ಸಾವಿರಕ್ಕೂ ಹೆಚ್ಚು ದಿನ ಧರಣಿ ಕೂತರು. ಇಲ್ಲೇನೈತಿ ಅಂತ ಕೇಳುವವರು ಭಾಭಾ ಕಾಲದ ಈ ಲೆಕ್ಕ ನೋಡಬೇಕು. ಮೊದಲು ತೀರ್ಮಾನ ಆಗುತ್ತೆ, ಸೌಕರ್ಯ ಆಮೇಲೆ ಬರುತ್ತೆ.

ಬೊಂಬಾಯಿಗೆ ಹೋದರೂ ಭಾಭಾಗೆ ಕನ್ನಡ ನಾಡಿನ ನೆಲ ಬೇಕಿತ್ತು. 1950ರ ದಶಕದ ಆರಂಭದಲ್ಲಿ ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನ ಕೋಲಾರ ಚಿನ್ನದ ಗಣಿಗೆ ಕಳಿಸಿದರು. ಆಕಾಶದ ಕಿರಣ ಹುಡುಕೋಕೆ ಪಾತಾಳಕ್ಕೆ ಯಾಕೆ? ಮೇಲಿನ ಬಂಡೆ ಮ್ಯುಯಾನುಗಳನ್ನ ಒಂದೊಂದಾಗಿ ನುಂಗುತ್ತೆ. ಸಾಕಷ್ಟು ಆಳಕ್ಕೆ ಇಳಿದರೆ ಅವುಗಳ ಗದ್ದಲ ಅಡಗಿ, ಯಾವ ಬಂಡೆಗೂ ನಿಲ್ಲದ ನ್ಯೂಟ್ರಿನೊಗಳ ಗುರುತು ಹಿಡಿಯಬಹುದು. 1965ರಲ್ಲಿ, 2 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ವಿಶ್ವಕಿರಣಗಳಿಂದ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕಾದ ಗಣಿಯಲ್ಲಿದ್ದ ಪೈಪೋಟಿಯ ತಂಡಕ್ಕಿಂತ ಕೆಲವೇ ದಿನ ಮೊದಲು ಅವರ ವರದಿ ಅಚ್ಚಾಯಿತು. ಆ ಆಳವನ್ನ ವಿಜ್ಞಾನಕ್ಕೆ ಕೊಟ್ಟವರು ಕಲ್ಲುಸಿಡಿತ, ಸಿಲಿಕೋಸಿಸ್ ನಡುವೆ ಸುರಂಗ ತೋಡಿದ ಕಾರ್ಮಿಕರು, ಅವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಗಣಿ 2001ರಲ್ಲಿ ಮುಚ್ಚಿತು.

ಭಾಭಾರನ್ನ ಪೂಜೆ ಮಾಡೋದು ನನ್ನಿಂದಾಗಲ್ಲ. ಅಣುಶಕ್ತಿ ಆಯೋಗದ ಅಧ್ಯಕ್ಷರೂ ಅವರೇ, 1954ರಿಂದ ಇಲಾಖೆಯ ಕಾರ್ಯದರ್ಶಿಯೂ ಅವರೇ, ನೇರ ನೆಹರೂ ಹತ್ತಿರ ಮಾತು. ಆ ವ್ಯವಸ್ಥೆ ಕಾನೂನಿನ ಬಲದಿಂದಲೇ ಗುಟ್ಟಿನೊಳಗೆ ಬೆಳೆಯಿತು, ಜನರಿಗೆ ಉತ್ತರ ಹೇಳೋದನ್ನ ಕಲಿಯಲಿಲ್ಲ. ನಮ್ಮ ಪಕ್ಕದ ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ಶೋಧಕ್ಕೆ ಊರವರು ವಿರೋಧ ಮಾಡಿದಾಗಲೂ ಎದುರಿಗಿದ್ದದ್ದು ಅದೇ ಇಲಾಖೆಯ ಪರಂಪರೆ.

ಕೋಲಾರದ ಫಲ ಬಂದ ಕೆಲವೇ ತಿಂಗಳಿಗೆ, 1966ರ ಜನವರಿ 24ರಂದು, ವಿಯೆನ್ನಾಕ್ಕೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಆಲ್ಪ್ಸ್‌ನ ಮೋಂ ಬ್ಲಾಂಗೆ ಅಪ್ಪಳಿಸಿತು. 117 ಜನರಲ್ಲಿ ಯಾರೂ ಉಳಿಯಲಿಲ್ಲ. ಅವರಿಗೆ ಆಗ 56.

ಕಿರಣಗಳು ಹುಟ್ಟೋದೆಲ್ಲಿ ಅನ್ನೋದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಸಿಡಿದ ನಕ್ಷತ್ರಗಳ ಅವಶೇಷಗಳ ಮೇಲೆ ಬಲವಾದ ಅನುಮಾನ ಇದೆ, ಅತಿ ಬಲಶಾಲಿ ಕಿರಣಗಳು ಬೇರೆ ಗೆಲಾಕ್ಸಿಗಳಿಂದ ಬರಬೇಕು. ವಿದ್ಯುದಂಶ ಇರುವ ಕಣಗಳು ಬರುವ ದಾರಿಯಲ್ಲಿ ಕಾಂತಕ್ಷೇತ್ರಗಳಿಗೆ ಸಿಕ್ಕಿ ತಿರುಗಿ ತಿರುಗಿ ಬರೋದರಿಂದ ಅವುಗಳ ಊರು ಗೊತ್ತಾಗಲ್ಲ. ನ್ಯೂಟ್ರಿನೊ ಮಾತ್ರ ನೆಟ್ಟಗೆ ಬರುತ್ತೆ. ಅದಕ್ಕೇ ಅಂಟಾರ್ಕ್ಟಿಕಾದ ಹಿಮದೊಳಗೆ ಐಸ್‌ಕ್ಯೂಬ್ ಕೂತಿದೆ. ನಮ್ಮ ಕಡೆ ಊಟಿಯಲ್ಲಿ, ಭಾಭಾ ಕಟ್ಟಿದ ಸಂಸ್ಥೆಯವರೇ ನಡೆಸುವ ಗ್ರೇಪ್ಸ್-3ರ ಕೌಂಟರುಗಳು ಹಗಲೂ ರಾತ್ರಿ ಆ ಮಳೆಯ ಹನಿಗಳನ್ನ ಎಣಿಸ್ತಾ ಇವೆ.