ಅರಸರ ನೆಲದಲ್ಲಿ ಅರಳಿದ ಕಾರ್ಖಾನೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ಹರಿಹರ: ವಿಶೇಷ ಆರ್ಥಿಕ ವಲಯ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2005ರಲ್ಲಿ. ಉದ್ಯಮಕ್ಕೆ ಪ್ರತ್ಯೇಕ ನೆಲ, ಪ್ರತ್ಯೇಕ ನಡಾವಳಿ ಎಂಬ ಆ ಕಲ್ಪನೆಯ ಹಳೆಯ ರೂಪವೊಂದನ್ನು ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲೇ ಬದುಕಿ ತೋರಿಸಿದ್ದರು.

1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಅವರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದವರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾಗದ ದೃಷ್ಟಿದೋಷ ಅವರನ್ನು ಯಂತ್ರಗಳ ನಕ್ಷೆಯತ್ತ ತಿರುಗಿಸಿತು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಬೋಧಕರಾಗಿದ್ದಾಗ ಸಲ್ಲಬೇಕಿದ್ದ ಬಡ್ತಿ ಬೇರೊಬ್ಬರ ಪಾಲಾಯಿತು. ನೌಕರಿ ತೊರೆದು ಬೆಳಗಾವಿಗೆ ಮರಳಿದರು. ಸೈಕಲ್ ಅಂಗಡಿಯ ಜತೆಗೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ತಯಾರಾದವು. ಕಬ್ಬಿಣ ಮಣ್ಣಿಗೆ ವಿಷವೆಂದು ನಂಬಿದ್ದ ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲೂ ಹಿಂಜರಿದರು.

ಅಷ್ಟರಲ್ಲಿ ಬಡಾವಣೆ ವಿಸ್ತರಣೆಗಾಗಿ ಜಾಗ ತೆರವು ಮಾಡಬೇಕೆಂಬ ಪುರಸಭೆಯ ಆದೇಶ ಬಂತು. ನೆರವಿಗೆ ಬಂದವರು ಔಂಧ್ ಸಂಸ್ಥಾನದ ಅರಸರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ನೀಡಿದರು. ಕಳ್ಳಿ, ಹಾವುಗಳ ಆ ಬಯಲಿನಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಊರಿನ ನಡಾವಳಿಯೂ ಬೇರೆಯೇ. ಅಸ್ಪೃಶ್ಯತೆಗೆ ಅಲ್ಲಿ ಎಡೆಯಿರಲಿಲ್ಲ. ಸೆರೆಮನೆಯಿಂದ ಹೊರಬಂದವರಿಗೂ ಕಾವಲಿನ ಕೆಲಸ ಸಿಕ್ಕಿತು. ರಿಯಾಯಿತಿಗಿಂತ ಈ ನಂಬಿಕೆಯೇ ದೊಡ್ಡದು.

ಎರಡನೇ ಮಹಾಯುದ್ಧದ ನಡುವೆ, 1941ರಲ್ಲಿ, ಮತ್ತೊಂದು ಸಂಸ್ಥಾನವಾದ ಮೈಸೂರಿನ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ತುಂಗಭದ್ರೆಯ ದಡದ ಈ ಊರಿನ ಲೇತುಗಳು ದೇಶದ ಕಾರ್ಖಾನೆಗಳನ್ನು ಸೇರಿದವು. ಹತ್ತಿಗಿರಣಿಗಳ ದಾವಣಗೆರೆಯ ಪಕ್ಕದಲ್ಲೇ ಯಂತ್ರ ತಯಾರಿಸುವ ಕುಶಲಕರ್ಮಿಗಳ ಪೀಳಿಗೆಯೊಂದು ಬೆಳೆಯಿತು.

ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ನಿಧನರಾದರು. ಹರಿಹರದ ಕಾರ್ಖಾನೆ ಅವರ ಬಳಿಕವೂ ನಾಲ್ಕು ದಶಕ ನಡೆದು, ನಂತರ ಬಾಗಿಲು ಮುಚ್ಚಿತು.