ಸಿಸಿರೊ: ಮಾತು, ಕಾನೂನು ಮತ್ತು ರೋಮ್ ಗಣರಾಜ್ಯದ ಪತನ

ರೋಮ್ ಗಣರಾಜ್ಯದ ಕೊನೆಯ ದಶಕಗಳನ್ನು ಸಾಮಾನ್ಯವಾಗಿ ಸೇನಾನಿಗಳ ಚರಿತ್ರೆಯಾಗಿ ಓದಲಾಗುತ್ತದೆ. ಸೈನ್ಯಬಲವಿಲ್ಲದೆ, ವಾಗ್ಮಿತೆಯೊಂದರಿಂದಲೇ ಅಧಿಕಾರದ ಕೇಂದ್ರವನ್ನು ತಲುಪಿದ ಮಾರ್ಕಸ್ ಟುಲಿಯಸ್ ಸಿಸಿರೊನ ಬದುಕು ಅದೇ ಪತನವನ್ನು ಇನ್ನೊಂದು ನೆಲೆಯಿಂದ ಕಾಣಿಸುತ್ತದೆ.

ಕ್ರಿ.ಪೂ. 106ರಲ್ಲಿ ಆರ್ಪಿನಮ್ ಎಂಬ ಊರಿನಲ್ಲಿ ಜನಿಸಿದ ಸಿಸಿರೊನ ಮನೆತನದಲ್ಲಿ ಅದುವರೆಗೆ ಯಾರೂ ಸೆನೆಟ್ ಪ್ರವೇಶಿಸಿರಲಿಲ್ಲ. ಕ್ರಿ.ಪೂ. 80ರಲ್ಲಿ ಪಿತೃಹತ್ಯೆಯ ಆರೋಪ ಹೊತ್ತಿದ್ದ ರೋಸಿಯಸ್‌ನ ಪರವಾಗಿ ವಾದಿಸುವಾಗ ಅವನು ಸುಲ್ಲನ ಆಪ್ತನೊಬ್ಬನನ್ನೇ ಎದುರು ಹಾಕಿಕೊಂಡನು. ಕ್ರಿ.ಪೂ. 70ರಲ್ಲಿ ಸಿಸಿಲಿಯನ್ನು ಸುಲಿಗೆ ಮಾಡಿದ್ದ ಪ್ರಾಂತಾಧಿಕಾರಿ ವೆರೆಸ್‌ನ ವಿರುದ್ಧ ಮೊಕದ್ದಮೆ ನಡೆಸಿ, ಅವನು ರೋಮ್ ತೊರೆಯುವಂತೆ ಮಾಡಿದನು. ಈ ಕೀರ್ತಿಯೇ ಅವನನ್ನು ಕ್ರಿ.ಪೂ. 63ರಲ್ಲಿ ಗಣರಾಜ್ಯದ ಅತ್ಯುನ್ನತ ಚುನಾಯಿತ ಹುದ್ದೆಯಾದ ಕಾನ್ಸಲ್ ಪದವಿಗೆ ಏರಿಸಿತು.

ಅದೇ ವರ್ಷ ಕ್ಯಾಟಿಲೀನನ ಒಳಸಂಚು ಬಯಲಾಯಿತು. ಸೆರೆಸಿಕ್ಕ ಐವರು ಸಂಚುಗಾರರನ್ನು ಸಿಸಿರೊ ಸೆನೆಟ್‌ನ ಸಮ್ಮತಿ ಪಡೆದು, ವಿಚಾರಣೆಯಿಲ್ಲದೆ ಮರಣಕ್ಕೆ ಗುರಿಪಡಿಸಿದನು. ಸೆನೆಟ್ ನ್ಯಾಯಾಲಯವಾಗಿರಲಿಲ್ಲ, ಜನಸಭೆಗೆ ಮೇಲ್ಮನವಿ ಸಲ್ಲಿಸುವುದು ರೋಮ್ ಪೌರರ ಹಕ್ಕಾಗಿತ್ತು. ಗಣರಾಜ್ಯದ ರಕ್ಷಣೆಗಾಗಿ ಅದರ ಕಾನೂನನ್ನೇ ಬದಿಗಿರಿಸಿದ ಈ ಕ್ರಮ ಅವನ ಬದುಕಿನ ನಿರ್ಣಾಯಕ ತಿರುವು. ಕ್ರಿ.ಪೂ. 58ರಲ್ಲಿ ಕ್ಲೋಡಿಯಸ್ ಇದನ್ನೇ ಅಸ್ತ್ರವಾಗಿಸಿಕೊಂಡು ಶಾಸನ ತಂದಾಗ ಸಿಸಿರೊ ದೇಶಭ್ರಷ್ಟನಾದನು, ಮರುವರ್ಷ ಹಿಂದಿರುಗಿದನು.

ಕ್ರಿ.ಪೂ. 49ರಲ್ಲಿ ಸೀಸರನು ರೂಬಿಕಾನ್ ನದಿಯನ್ನು ದಾಟಿದಾಗ ಅಂತರ್ಯುದ್ಧ ಆರಂಭವಾಯಿತು. ಇಬ್ಬರಲ್ಲಿ ಯಾರು ಗೆದ್ದರೂ ಏಕಾಧಿಪತ್ಯ ಖಚಿತವೆಂಬ ಶಂಕೆಯಿಂದ ತಿಂಗಳುಗಟ್ಟಲೆ ತೊಳಲಾಡಿದ ಸಿಸಿರೊ, ಕೊನೆಗೆ ಪಾಂಪೆಯ ಪಕ್ಷವನ್ನು ಸೇರಿದನು. ಕ್ರಿ.ಪೂ. 48ರಲ್ಲಿ ಫಾರ್ಸಲಸ್‌ನಲ್ಲಿ ಪಾಂಪೆ ಸೋತನು. ಸೀಸರನ ಕ್ಷಮೆ ಪಡೆದು ಬದುಕಿದ ಸಿಸಿರೊನಿಗೆ ಸೆನೆಟ್‌ನಲ್ಲಿ ಮುಕ್ತವಾಗಿ ನುಡಿಯುವ ಅವಕಾಶ ಉಳಿಯಲಿಲ್ಲ. ಕ್ರಿ.ಪೂ. 45ರಲ್ಲಿ ಮಗಳು ಟುಲಿಯಾ ತೀರಿಕೊಂಡಳು. ಈ ದುಃಖ ಮತ್ತು ನಿರುದ್ಯೋಗಗಳ ನಡುವೆಯೇ ಅವನು ಗ್ರೀಕ್ ತತ್ತ್ವಚಿಂತನೆಯನ್ನು ಲ್ಯಾಟಿನ್ ಗದ್ಯಕ್ಕೆ ತಂದನು. ಅದಕ್ಕೆ ಬೇಕಾದ ಪರಿಭಾಷೆಯನ್ನೂ ರೂಪಿಸಿದನು.

ಕ್ರಿ.ಪೂ. 44ರ ಮಾರ್ಚ್ 15ರಂದು ನಡೆದ ಸೀಸರನ ಹತ್ಯೆಯ ಸಂಚಿನಲ್ಲಿ ಸಿಸಿರೊ ಪಾಲುಗೊಂಡಿರಲಿಲ್ಲ. ಆದರೆ ತದನಂತರ ಆಂಟನಿಯ ವಿರುದ್ಧ 14 ಭಾಷಣಗಳನ್ನು ರಚಿಸಿದನು. ಮಾತು ಸಾಲದೆಂದು ಅರಿತು, ಹತ್ತೊಂಬತ್ತರ ಹರೆಯದ ಆಕ್ಟೇವಿಯನ್ ಸ್ವಂತವಾಗಿ ಕಟ್ಟಿದ್ದ ಸೈನ್ಯಕ್ಕೆ ಸೆನೆಟ್‌ನ ಮನ್ನಣೆ ದೊರಕಿಸಿಕೊಟ್ಟನು. ಕ್ರಿ.ಪೂ. 63ರ ತರ್ಕವೇ ಇಲ್ಲಿ ಮರುಕಳಿಸಿರುವುದು ಗಮನಾರ್ಹ: ಗಣರಾಜ್ಯವನ್ನು ಉಳಿಸಲು ಅದರ ನಿಯಮಗಳನ್ನು ಸಡಿಲಿಸುವುದು. ಕ್ರಿ.ಪೂ. 43ರಲ್ಲಿ ಆಕ್ಟೇವಿಯನ್ ಅದೇ ಸೈನ್ಯದೊಂದಿಗೆ ರೋಮ್‌ಗೆ ನುಗ್ಗಿ ಕಾನ್ಸಲ್ ಆದನು. ಬಳಿಕ ಆಂಟನಿ ಮತ್ತು ಲೆಪಿಡಸ್‌ರೊಡನೆ ಕೈಜೋಡಿಸಿದನು. ಮೂವರೂ ಸಿದ್ಧಪಡಿಸಿದ ವಧಾಪಟ್ಟಿಯಲ್ಲಿ ಸಿಸಿರೊನ ಹೆಸರಿತ್ತು.

ಕ್ರಿ.ಪೂ. 43ರ ಡಿಸೆಂಬರ್ 7ರಂದು ಫಾರ್ಮಿಯೆಯ ಸಮೀಪ ಅವನ ಕೊಲೆಯಾಯಿತು. ಕತ್ತರಿಸಿದ ತಲೆಯನ್ನೂ ಬರೆಯುವ ಕೈಯನ್ನೂ ರೋಮ್‌ನ ಸಾರ್ವಜನಿಕ ಭಾಷಣವೇದಿಕೆಯ ಮೇಲೆ ಪ್ರದರ್ಶಿಸಲಾಯಿತು. ಅವನು ಜನರನ್ನು ಉದ್ದೇಶಿಸಿ ಮಾತನಾಡುತ್ತಿದ್ದ ಸ್ಥಳವೂ ಅದೇ ಆಗಿತ್ತು. ಗಣರಾಜ್ಯವನ್ನು ಅದರ ವೈರಿಗಳು ಮಾತ್ರವಲ್ಲದೆ, ಅದನ್ನು ಉಳಿಸಲು ಕಾನೂನನ್ನು ಮೀರಿದ ಅದರ ಆರಾಧಕರೂ ದುರ್ಬಲಗೊಳಿಸಿದರೆಂಬುದಕ್ಕೆ ಸಿಸಿರೊನ ಜೀವನ ಸಾಕ್ಷಿಯಾಗಿದೆ.