ಹಕ್ಕಿಗಳ ಸಲೀಂ ಅಲಿ

ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಹುಟ್ಟಿದರು. ತಂದೆ-ತಾಯಿ ಬೇಗ ತೀರಿದ್ದರಿಂದ ಸೋದರಮಾವ ಸಾಕಿದರು. ಹುಡುಗರಿದ್ದಾಗ ತಾವು ಹೊಡೆದ ಗುಬ್ಬಿಯ ಕುತ್ತಿಗೆ ಹಳದಿ ಇತ್ತು. ಯಾವ ಹಕ್ಕಿ ಅಂತ ಕೇಳಾಕ ಹೋದವರು ಜೀವನಪೂರ್ತಿ ಹಕ್ಕಿಗಳನ್ನೇ ಓದಿದರು. 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆಗ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಅದೇ ಸಂಸ್ಥಾನದಾಗ ಇದ್ದವು. ವಲಸೆ ಹಕ್ಕಿಗಳ ಕಾಲಿಗೆ ಉಂಗುರ ಹಾಕಿಸಿ ಅವುಗಳ ದಾರಿ ಹುಡುಕಿದರು. 1987ರಲ್ಲಿ ತೀರಿಕೊಂಡರು.

ಚಳಿಗಾಲದಾಗ ನಾನು ಕಾಗಿಣಾ ದಂಡ್ಯಾಗ ಗುಬ್ಬಿಯಷ್ಟೇ ಇರೋ ಹಕ್ಕಿ ನೋಡೀನಿ. ಕಪ್ಪು ಕಾಲು, ಕೆಸರಾಗ ಪಟಪಟ ಕುಕ್ತದ. ಅದು ಲಿಟಲ್ ಸ್ಟಿಂಟ್. ಕಾಲು ಹಳದಿ ಇದ್ದರ ಟೆಮಿಂಕ್ ಸ್ಟಿಂಟ್. ಎರಡೂ ಮೊಟ್ಟೆ ಇಡೋದು ಉತ್ತರ ಧ್ರುವದ ಕಡೆ. ಅಷ್ಟು ದೂರದಿಂದ ಬಂದವಕ್ಕ ಕವಣಿ ಕಲ್ಲು ಬೀಸಬ್ಯಾಡ್ರಿ; ಕಾಲಿನ ಬಣ್ಣ ನೋಡಿ ಬರಕೊಳ್ರಿ.